ಗಣಿತಸಾರಸಂಗ್ರಹದ ಕರ್ತೃ ಶ್ರೀ ಮಹಾವೀರಾಚಾರ್ಯರು

ಕರ್ನಾಟಕದ ಜೈನ ಕವಿಗಳೂ ಆಚಾರ್ಯರೂ ಕಾವ್ಯ, ವ್ಯಾಕರಣಗಳಿಗೆ ಸಲ್ಲಿಸಿದ ಸೇವೆ ಸರ್ವವಿದಿತವಾದುದು. ಗಣಿತಶಾಸ್ತ್ರವನ್ನು ಲೋಕೋಪಕಾರಕ್ಕಾಗಿ ಬೆಳಗಿದ ಕೀರ್ತಿಯು ಶ್ರೀ ಮಹಾವೀರಾಚಾರ್ಯರಿಗೆ ಸಲ್ಲತಕ್ಕದ್ದು.

ಇವರು ಕ್ರಿ.ಶ. 9ನೆಯ ಶತಮಾನದಲ್ಲಿ, ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಬಾಳಿದವರು. ಆ ದೊರೆಯ ರಾಜಧಾನಿ ಮಾನ್ಯಖೇಟವೇ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಸುಮಾರು 850ರಲ್ಲಿ ಸಂಸ್ಕೃತದಲ್ಲಿ ರಚಿಸಿದ ಗಣಿತಸಾರಸಂಗ್ರಹದ ಆದಿಯಲ್ಲಿ ಆಚಾರ್ಯರು ಜಿನಸ್ತುತಿಯೊಡನೆ ನೃಪತುಂಗನ ಗುಣಗಳನ್ನೂ ಕೊಂಡಾಡಿದ್ದಾರೆ. ಆರ್ಯಭಟ, ಬ್ರಹ್ಮಗುಪ್ತರು ಖಗೋಳಗ್ರಂಥಗಳ ಒಳಗೆ ಗಣಿತವನ್ನು ಅಡಕಗೊಳಿಸಿದ್ದರು. ಇವರಾದರೋ ಗಣಿತಕ್ಕೇ ಮೀಸಲಾದ ಗ್ರಂಥವನ್ನು ಬರೆದು, ವ್ಯಾಪಾರಿಗೂ ರೈತನಿಗೂ ಒದಗುವ ಲೆಕ್ಕಗಳನ್ನು ಅದರಲ್ಲಿ ತುಂಬಿದರು.

ಕ್ಷೇತ್ರಗಣಿತದಲ್ಲಿ ಅವರು ಸ್ಥೂಲಫಲ, ಸೂಕ್ಷ್ಮಫಲ ಎಂದು ಎರಡು ಬಗೆಯನ್ನು ಬೇರ್ಪಡಿಸಿದರು. 13, 14, 15 ದಂಡಗಳ ಅಂಚುಳ್ಳ ಮೂರು ಮೂಲೆಯ ಹೊಲವೊಂದನ್ನು ಭಾವಿಸೋಣ. 14ನ್ನು ಪಾದವೆಂದಿಟ್ಟು, ಉಳಿದೆರಡು ಅಂಚುಗಳ ಸರಾಸರಿಯನ್ನು ಪಾದದ ಅರ್ಧದಿಂದ ಗುಣಿಸಿದರೆ 98 ಚದರ ದಂಡ ಬರುತ್ತದೆ. ಇದು ಸ್ಥೂಲ. ಎದುರು ಮೂಲೆಯಿಂದ ಪಾದಕ್ಕೆ ನೇರವಾಗಿ ಇಳಿಸಿದ ಲಂಬ 12. ಅದನ್ನು ಪಾದದ ಅರ್ಧದಿಂದ ಗುಣಿಸಿದರೆ ಬರುವುದು 84. ಇದೇ ಸೂಕ್ಷ್ಮ. ಓರೆಯಂಚನ್ನು ಎತ್ತರವೆಂದು ಎಣಿಸಿದ್ದರಿಂದ ಇಲ್ಲದ 14 ಚದರ ದಂಡ ನೆಲ ಲೆಕ್ಕದಲ್ಲಿ ಸೇರಿತು.

ಇದರ ಮರ್ಮ ಸರಳವಾದುದು. ಅಂಥವೇ ಎರಡು ತ್ರಿಭುಜಗಳನ್ನು ಓರೆಯಂಚಿನಲ್ಲಿ ಜೋಡಿಸಿದರೆ ಸಮಾಂತರ ಚತುರ್ಭುಜವಾಗುತ್ತದೆ. ಅದರ ಒಂದು ಕಡೆಯ ಚಾಚನ್ನು ಲಂಬದ ಗುಂಟ ಕತ್ತರಿಸಿ ಮತ್ತೊಂದು ಕಡೆಗೆ ಸೇರಿಸಿದರೆ 14 ಉದ್ದ, 12 ಅಗಲದ ಆಯತವಾಗಿ 168 ದೊರೆಯುತ್ತದೆ. ತ್ರಿಭುಜವು ಅದರ ಅರ್ಧ. ಪಾದವೂ ಎತ್ತರವೂ ಒಂದೇ ಆಗಿದ್ದರೆ ಆಕೃತಿ ಎಷ್ಟೇ ವಾಲಿದರೂ ಕ್ಷೇತ್ರಫಲ ಬದಲಾಗದು.

ಇದು ಬರಿಯ ಪಾಠದ ಮಾತಲ್ಲ. ಹೆಚ್ಚು ಕಡಿಮೆ ಅಳೆಯುವುದು ಅಚೌರ್ಯಾಣುವ್ರತಕ್ಕೆ ಅತಿಚಾರವೆಂದು ನಮ್ಮ ಶ್ರಾವಕಾಚಾರವು ಸಾರುತ್ತದೆ. 98ಕ್ಕೆ ಕ್ರಯ ಕೊಟ್ಟು 84ನ್ನು ಪಡೆದವನ ನಷ್ಟಕ್ಕೆ ಹೊಣೆ ಯಾರು? ನಮ್ಮ ಬೀಚನಹಳ್ಳಿಯಲ್ಲಿ ಕಪಿಲೆಗೆ ಕಟ್ಟಿದ ಅಣೆಕಟ್ಟು 1974ರಲ್ಲಿ ಪೂರ್ಣಗೊಂಡಿತು. ಕಾಲುವೆ ಓರೆಯಾಗಿ ಹಾದಲ್ಲಿ ಉಳಿಯುವ ಮೂಲೆ ಹೊಲಕ್ಕೂ ಇದೇ ಸೂತ್ರ ನ್ಯಾಯ ಒದಗಿಸುತ್ತದೆ.

11ನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ಈ ಗ್ರಂಥವನ್ನು ತೆಲುಗಿಗೆ ತಂದನು. 1912ರಲ್ಲಿ ಎಂ. ರಂಗಾಚಾರ್ಯರು ಮದರಾಸಿನಲ್ಲಿ ಇದನ್ನು ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದರು. 2000ದಲ್ಲಿ ಹೊಂಬುಜದಿಂದ ಕನ್ನಡ ಅನುವಾದವೂ ಹೊರಬಂದಿತು. ನಮ್ಮ ಮಕ್ಕಳು ಇದನ್ನು ಓದಿ, ಅಳೆಯುವ ಕೈಗೆ ಧರ್ಮವೂ ಲೆಕ್ಕವೂ ಎರಡೂ ಬೇಕೆಂಬುದನ್ನು ಅರಿಯುವಂತಾಗಲಿ.