ಒಂದನೆಯ ಬುಕ್ಕರಾಯ

ಒಂದನೆಯ ಬುಕ್ಕರಾಯ (ಆಳ್ವಿಕೆ: 1356–1377) ವಿಜಯನಗರದ ಸಂಗಮ ವಂಶದ ಎರಡನೆಯ ಅರಸ. ಈತನು ಸಂಗಮನ ಮಗ. ಒಂದನೆಯ ಹರಿಹರನ ತಮ್ಮ. ಅಣ್ಣನೊಡನೆ ರಾಜ್ಯಸ್ಥಾಪನೆಯಲ್ಲಿ ಪಾಲ್ಗೊಂಡು, ಅವನ ನಂತರ ಪಟ್ಟಕ್ಕೆ ಬಂದನು. ಈತನ ಮಗ ಕುಮಾರ ಕಂಪಣನು ಮಧುರೈ ಸುಲ್ತಾನರನ್ನು ಸೋಲಿಸಿದನು.

ಧಾರ್ಮಿಕ ನೀತಿ

ಬುಕ್ಕನು ವೈದಿಕ ಧರ್ಮದಲ್ಲಿ ನಿಷ್ಠೆಯುಳ್ಳವನು. ಸಾಯಣಾಚಾರ್ಯರು ವೇದಭಾಷ್ಯಗಳನ್ನು ರಚಿಸಲು ಈತನು ಆಶ್ರಯ ನೀಡಿದನು. 1368ರಲ್ಲಿ ಆನೆಗೊಂದಿ, ಪೆನುಗೊಂಡೆ ಮೊದಲಾದ ಪಟ್ಟಣಗಳ ಜೈನರು, ಶ್ರೀವೈಷ್ಣವರಿಂದ ತಮಗೆ ಅನ್ಯಾಯವಾಗುತ್ತಿದೆಯೆಂದು ಅರಸನಲ್ಲಿ ಮೊರೆಯಿಟ್ಟರು. ಬುಕ್ಕನು ಎರಡೂ ಪಂಗಡಗಳ ಪ್ರಮುಖರನ್ನು ಕರೆಸಿ, ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿದನು. ಪಂಚಮಹಾವಾದ್ಯ ಹಾಗೂ ಕಲಶಗಳ ಮೇಲೆ ಜೈನರಿಗೆ ಮೊದಲಿನಿಂದ ಇದ್ದ ಹಕ್ಕನ್ನು ಎತ್ತಿಹಿಡಿದನು. ಜೈನರಿಗೆ ಹಾನಿಯಾದರೆ ಅದನ್ನು ತಮಗಾದ ಹಾನಿಯೆಂದೇ ವೈಷ್ಣವರು ಭಾವಿಸಬೇಕೆಂದು ವಿಧಿಸಿದನು. ಪ್ರತಿ ಜೈನ ಮನೆಯಿಂದ ವರ್ಷಕ್ಕೆ ಒಂದು ಹಣ ಸಂಗ್ರಹಿಸಿ, ಅದರಿಂದ ಶ್ರವಣಬೆಳಗೊಳಕ್ಕೆ 20 ಕಾವಲುಗಾರರನ್ನು ನೇಮಿಸಲು ಹಾಗೂ ಉಳಿದ ಹಣದಲ್ಲಿ ಜೀರ್ಣ ಜಿನಾಲಯಗಳನ್ನು ದುರಸ್ತಿ ಮಾಡಿಸಲು ಗೊತ್ತುಪಡಿಸಲಾಯಿತು. ಇದರ ಹೊಣೆಯನ್ನು ತಿರುಮಲೆಯ ತಾತಯ್ಯನೆಂಬ ವೈಷ್ಣವನಿಗೇ ವಹಿಸಲಾಯಿತು. ಈ ಕಟ್ಟಳೆಯನ್ನು ಮೀರಿದವರು ರಾಜದ್ರೋಹಿಗಳೆನಿಸುತ್ತಿದ್ದರು. ಈ ತೀರ್ಪನ್ನು ತಿಳಿಸುವ ಕನ್ನಡ ಶಾಸನಗಳು ಶ್ರವಣಬೆಳಗೊಳದಲ್ಲೂ ಮಾಗಡಿ ತಾಲ್ಲೂಕಿನ ಕಲ್ಯದಲ್ಲೂ ಇವೆ.

ಬುಕ್ಕನ ನಂತರ ಅವನ ಮಗ ಎರಡನೆಯ ಹರಿಹರನು ಪಟ್ಟಕ್ಕೆ ಬಂದನು.