ರಾಕೆಟ್ಟೂ ಮೆಣಸೂ: ಟಿಪ್ಪುವಿನ ಎರಡು ಆಯುಧಗಳು

ಸಂಪಿಗೆ ರಸ್ತೆಯ ಗ್ರಂದಿಗೆ ಅಂಗಡಿಗೆ ಹೋದರೆ ಕಾಳುಮೆಣಸು, ಏಲಕ್ಕಿ, ಗಂಧದ ಚಕ್ಕೆ ಒಂದೇ ಕಡೆ ಸಿಗುತ್ತೆ. 1785ರಲ್ಲಿ ಟಿಪ್ಪು ಸುಲ್ತಾನ್ ಈ ಮೂರನ್ನೂ ತನ್ನ ಬಂದರುಗಳಿಂದ ಹೊರಗೆ ಹೋಗದ ಹಾಗೆ ತಡೆದ. ನಮ್ಮ ವರ್ತಕರು ಈಸ್ಟ್ ಇಂಡಿಯಾ ಕಂಪನಿ ಜೊತೆ ವ್ಯಾಪಾರ ಮಾಡೋ ಹಾಗಿಲ್ಲ ಅಂತಲೂ ಕಟ್ಟು ಮಾಡಿದ. ಈಗ ಅಮೆರಿಕ ಚೀನಾಕ್ಕೆ ಚಿಪ್ ತಡೆಯೋದು, ಚೀನಾ ಅಪರೂಪದ ಲೋಹಗಳನ್ನು ಬಿಗಿ ಹಿಡಿಯೋದು ಇದೇ ಜಾತಿಯ ಕೆಲಸ.

ಟಿಪ್ಪು ಹುಟ್ಟಿದ್ದು 1750ರಲ್ಲಿ, ದೇವನಹಳ್ಳಿಯಲ್ಲಿ. ಹದಿಹರೆಯದಲ್ಲೇ ತಂದೆ ಹೈದರಾಲಿಯ ಜೊತೆ ಯುದ್ಧಕ್ಕೆ ಇಳಿದ. 1780ರಲ್ಲಿ ಕಾಂಚೀಪುರದ ಹತ್ತಿರ ಪೊಳ್ಳಿಲೂರಿನಲ್ಲಿ ಅಪ್ಪ ಮಗ ಸೇರಿ ಕರ್ನಲ್ ಬೈಲಿಯ ಪಡೆಯನ್ನೇ ಮುರಿದರು. ಅಲ್ಲಿ ಹಾರಿದ ಮೈಸೂರು ರಾಕೆಟ್ಟಿನ ಗುಟ್ಟು ಮೆಕ್ಯಾನಿಕಲ್‌ನವರಿಗೆ ಥಟ್ಟಂತ ಹೊಳೆಯುತ್ತೆ: ಮದ್ದು ತುಂಬಿದ್ದು ಕಾಗದದ ಕೊಳವೆಗಲ್ಲ, ಕಬ್ಬಿಣದ ಕೊಳವೆಗೆ. ಒಳಗಿನ ಒತ್ತಡ ಹೆಚ್ಚು ತಡೆದುಕೊಳ್ಳುತ್ತೆ, ಅದಕ್ಕೇ ದೂರ ಹೋಗುತ್ತೆ. 1782ರಲ್ಲಿ ಹೈದರ್ ತೀರಿಕೊಂಡ. 1784ರ ಮಂಗಳೂರು ಒಪ್ಪಂದದಲ್ಲಿ ಕಂಪನಿ ಗೆದ್ದ ಊರುಗಳನ್ನು ವಾಪಸ್ ಕೊಟ್ಟು ಸಂಧಿ ಮಾಡಿಕೊಂಡಿತು. ಮೈಸೂರಿನ ಮೇಲೆ ಕೈ ಮಾಡೋಕೆ ಕಂಪನಿ ಹಿಂದೆ ಮುಂದೆ ನೋಡುತ್ತಿದ್ದ ಕಾಲ ಅದು.

ಆ ಬಿಡುವಿನಲ್ಲಿ ಟಿಪ್ಪು ವ್ಯಾಪಾರಕ್ಕೆ ಕೈ ಹಾಕಿದ. ಕಂಪನಿಯ ಬಲ ಬರೀ ತೋಪಿನಲ್ಲಿಲ್ಲ, ಲೆಕ್ಕದ ಪುಸ್ತಕದಲ್ಲಿದೆ ಅನ್ನೋದು ಅವನಿಗೆ ಗೊತ್ತಿತ್ತು. ಮಲಬಾರಿನ ಮೆಣಸು, ಮೈಸೂರಿನ ಗಂಧ ಚೀನಾದವರೆಗೂ ಮಾರಾಟವಾಗುತ್ತಿದ್ದವು. ಅದಕ್ಕೆ ಮಸ್ಕತ್ತಿನಲ್ಲಿ, ಕಚ್ಛಿನಲ್ಲಿ ತನ್ನದೇ ಕೋಠಿ ತೆರೆದ. ತುರ್ಕಿಗೆ, ಫ್ರಾನ್ಸಿಗೆ ರಾಯಭಾರಿಗಳನ್ನು ಕಳಿಸಿದ. ಅವರು 1788ರಲ್ಲಿ 16ನೇ ಲೂಯಿಯನ್ನು ಕಂಡರು. ಮರ್ಯಾದೆ ಸಿಕ್ಕಿತು, ಸೈನ್ಯ ಸಿಗಲಿಲ್ಲ.

ತಪ್ಪಿದ್ದೆಲ್ಲಿ? ನನ್ನ ಪ್ರಕಾರ ನೆರೆಹೊರೆಯಲ್ಲಿ. ಮೆಣಸು ಬೆಳೆಯೋ ಮಲಬಾರನ್ನೂ, ಕೊಡಗನ್ನೂ ಟಿಪ್ಪು ಕಠಿಣವಾಗಿ ಆಳಿದ. ಅಲ್ಲಿನ ಹಲವು ಅರಸರು ಕಂಪನಿ ಕಡೆ ವಾಲಿದರು. ಬಲವಂತದ ಮತಾಂತರದ ನೆನಪು ಅಲ್ಲಿ ಇನ್ನೂ ಹಸಿಯಾಗಿದೆ, ಅದನ್ನು ಮುಚ್ಚಿಟ್ಟು ಅವನ ಕಥೆ ಹೇಳೋದು ಸರಿಯಲ್ಲ. ಉಳಿದ ಮೆಣಸಿನ ನಾಡು ತಿರುವಾಂಕೂರು. ಅದು ಕಂಪನಿಯ ಮಿತ್ರ ರಾಜ್ಯ, ಕಂಪನಿಗೆ ಮೆಣಸು ಕೊಡುತ್ತಿದ್ದ ರಾಜ್ಯವೂ ಹೌದು. 1789ರ ಡಿಸೆಂಬರಿನಲ್ಲಿ ಟಿಪ್ಪು ಅದರ ಮೇಲೆ ಬಿದ್ದ. ಕಾರ್ನ್‌ವಾಲಿಸ್‌ಗೆ ಬೇಕಿದ್ದ ಕಾರಣ ಸಿಕ್ಕಿತು. ಮರಾಠರು, ನಿಜಾಮ ಕಂಪನಿ ಜೊತೆ ಕೈ ಜೋಡಿಸಿದ ಮೇಲೆ ರಾಕೆಟ್ಟಿಗೆ ಯಾರೂ ಹೆದರಲಿಲ್ಲ. 1791ರ ಮಾರ್ಚಿನಲ್ಲಿ ನಮ್ಮ ಬೆಂಗಳೂರು ಕೋಟೆ ಬಿತ್ತು. ಮರುವರ್ಷ ಶ್ರೀರಂಗಪಟ್ಟಣದಲ್ಲಿ ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿ ಒಪ್ಪಿಕೊಂಡು, ಇಬ್ಬರು ಮಕ್ಕಳನ್ನು ಒತ್ತೆ ಇಡಬೇಕಾಯಿತು. ಮಲಬಾರು ಕಂಪನಿಯ ಪಾಲಾಯಿತು. ಇನ್ನು ಮೆಣಸು ತಡೆಯೋಕೆ ಮೆಣಸೇ ಇರಲಿಲ್ಲ.

1799ರ ಮೇ 4ರಂದು ಕೋಟೆಯ ಕಾದಾಟದಲ್ಲೇ ಟಿಪ್ಪು ಸತ್ತ. ಸಿಕ್ಕಿದ ರಾಕೆಟ್ಟುಗಳಲ್ಲಿ ಕೆಲವು ಇಂಗ್ಲೆಂಡಿನ ವೂಲ್‌ವಿಚ್‌ಗೆ ಹೋದವು. ಅದೇ ವೂಲ್‌ವಿಚ್‌ನಲ್ಲಿ ವಿಲಿಯಂ ಕಾಂಗ್ರೀವ್ ತನ್ನ ರಾಕೆಟ್ ಮಾಡಿದ. 1807ರಲ್ಲಿ ಅವು ಕೋಪನ್‌ಹೇಗನ್ ಮೇಲೆ ಬಿದ್ದವು.