ತಾಹಾ ಹುಸೇನ್

ತಾಹಾ ಹುಸೇನ್ (1889–1973) ಈಜಿಪ್ಟಿನ ಲೇಖಕರು, ವಿಮರ್ಶಕರು ಹಾಗೂ ಶಿಕ್ಷಣತಜ್ಞರು. ಅರಬ್ ಚಿಂತನೆಯಲ್ಲಿ ಅಸ್ಮಿತೆ ಮತ್ತು ಅನ್ಯತೆಯ ಚರ್ಚೆಗೆ ಆಧುನಿಕ ರೂಪ ಕೊಟ್ಟ ಪ್ರಮುಖರಲ್ಲಿ ಇವರೂ ಒಬ್ಬರು.

ಬಾಲ್ಯ ಮತ್ತು ಶಿಕ್ಷಣ

ಮಿನ್ಯಾ ಪ್ರಾಂತ್ಯದ ಮಘಾಘಾ ಬಳಿಯ ಹಳ್ಳಿಯೊಂದರಲ್ಲಿ ಜನಿಸಿದ ಇವರು, ಹದಿಮೂರು ಮಕ್ಕಳಲ್ಲಿ ಏಳನೆಯವರು. ಎಳವೆಯಲ್ಲಿಯೇ ಕಣ್ಣುಬೇನೆಗೆ ದೊರೆತ ತಪ್ಪು ಚಿಕಿತ್ಸೆಯಿಂದ ದೃಷ್ಟಿ ಕಳೆದುಕೊಂಡರು. ಕುರಾನನ್ನು ಕಂಠಪಾಠ ಮಾಡಿ, 1902ರಲ್ಲಿ ಕೈರೋದ ಅಲ್-ಅಜ್ಹರ್ ಸೇರಿದರು. ಅಲ್ಲಿನ ಬೋಧನಾಕ್ರಮದಿಂದ ಅತೃಪ್ತರಾಗಿ, 1908ರಲ್ಲಿ ಆರಂಭವಾದ ಈಜಿಪ್ಟ್ ವಿಶ್ವವಿದ್ಯಾಲಯದತ್ತ ತಿರುಗಿದರು. ತಮ್ಮಂತೆಯೇ ಅಂಧನಾಗಿದ್ದ ಕವಿ ಅಲ್-ಮಅರ್ರಿಯನ್ನು ಕುರಿತ ಪ್ರಬಂಧಕ್ಕೆ 1914ರಲ್ಲಿ ಡಾಕ್ಟರೇಟ್ ಪಡೆದರು. ಬಳಿಕ ಫ್ರಾನ್ಸಿಗೆ ತೆರಳಿ, ಸೊರ್ಬಾನ್‌ನಲ್ಲಿ ಇಬ್ನ್ ಖಲ್ದೂನನ ಸಾಮಾಜಿಕ ಚಿಂತನೆಯ ಮೇಲೆ ಮತ್ತೊಂದು ಪ್ರಬಂಧ ಮಂಡಿಸಿದರು. ತಮಗೆ ಗ್ರಂಥಗಳನ್ನು ಓದಿ ಹೇಳುತ್ತಿದ್ದ ಫ್ರೆಂಚ್ ಮಹಿಳೆ ಸುಜಾನ್ ಅವರನ್ನು 1917ರಲ್ಲಿ ವಿವಾಹವಾದರು.

ವಿವಾದ

ಇಸ್ಲಾಂಪೂರ್ವ ಕಾಲದ್ದೆಂದು ನಂಬಲಾಗಿದ್ದ ಅರಬ್ಬಿ ಕಾವ್ಯದ ಬಹುಭಾಗವು ನಂತರದ ಕಾಲದ ರಚನೆಯೆಂದು 1926ರ ಗ್ರಂಥದಲ್ಲಿ ಇವರು ವಾದಿಸಿದರು. ಇದು ಧರ್ಮಕ್ಕೆ ಅಪಚಾರವೆಂಬ ದೂರು ದಾಖಲಾಯಿತು. ವಿಚಾರಣೆಯ ನಂತರ 1927ರಲ್ಲಿ ಮೊಕದ್ದಮೆಯನ್ನು ಕೈಬಿಡಲಾಯಿತು. ಗ್ರಂಥವು ಪರಿಷ್ಕೃತಗೊಂಡು ಬೇರೆ ಹೆಸರಿನಲ್ಲಿ ಪ್ರಕಟವಾಯಿತು. 1932ರಲ್ಲಿ ಸರ್ಕಾರವು ಇವರನ್ನು ವಿಶ್ವವಿದ್ಯಾಲಯದಿಂದ ತೆಗೆದುಹಾಕಿತು. ಕೆಲವು ವರ್ಷಗಳ ಬಳಿಕ ಮರಳಿದರು.

ಅಸ್ಮಿತೆ ಮತ್ತು ಅನ್ಯತೆ

1936ರ ಆಂಗ್ಲೋ-ಈಜಿಪ್ಟ್ ಒಪ್ಪಂದದ ನಂತರ, ಸ್ವತಂತ್ರ ಈಜಿಪ್ಟ್ ಯಾವ ದಾರಿ ಹಿಡಿಯಬೇಕೆಂಬ ಪ್ರಶ್ನೆ ಮುಂದೆ ಬಂದಿತು. 1938ರಲ್ಲಿ ಪ್ರಕಟವಾದ ‘ಮುಸ್ತಕ್‌ಬಲ್ ಅಲ್-ಸಕಾಫಾ ಫೀ ಮಿಸ್ರ್’ (ಈಜಿಪ್ಟಿನಲ್ಲಿ ಸಂಸ್ಕೃತಿಯ ಭವಿಷ್ಯ) ಇದಕ್ಕೆ ಇವರು ನೀಡಿದ ಉತ್ತರ. ಪ್ರಾಚೀನ ಕಾಲದಿಂದಲೂ ಗ್ರೀಕರೊಡನೆ ಕೊಳುಕೊಡೆಯಿದ್ದ ಈಜಿಪ್ಟ್ ಮೆಡಿಟರೇನಿಯನ್ ಸಂಸ್ಕೃತಿಯ ಭಾಗವಾಗಿದ್ದು, ಅದಕ್ಕೆ ಯುರೋಪ್ ಪರಕೀಯವಲ್ಲವೆಂಬುದು ಇದರ ಮುಖ್ಯ ವಾದ. ಕ್ರೈಸ್ತಧರ್ಮವು ಯುರೋಪನ್ನು ಪೂರ್ವದೇಶವಾಗಿಸದಿದ್ದಂತೆ, ಇಸ್ಲಾಂ ಮತ್ತು ಅರಬ್ಬಿ ಭಾಷೆಗಳು ಈಜಿಪ್ಟಿನ ಮನೋಧರ್ಮವನ್ನು ಬದಲಿಸಿಲ್ಲವೆಂದು ಇವರು ಪ್ರತಿಪಾದಿಸಿದರು. ಅನ್ಯರಿಂದ ಕಲಿತರೆ ತನ್ನತನ ಅಳಿಯದೆಂಬುದು ಇವರ ನಿಲುವಾಗಿತ್ತು.

ಈ ವಾದವು ತೀವ್ರ ಟೀಕೆಗೆ ಗುರಿಯಾಯಿತು. ಇಸ್ಲಾಮೀ ಪರಂಪರೆಯನ್ನು ಕಡೆಗಣಿಸಿ ಯುರೋಪಿಗೆ ಶರಣಾದರೆಂದು ವಿರೋಧಿಗಳು ಆಕ್ಷೇಪಿಸಿದರು. ಯುರೋಪನ್ನು ಸನಿಹಕ್ಕೆ ತರುವಾಗ ಭಾರತ, ಚೀನಾಗಳನ್ನು ದೂರದ ಪೂರ್ವವೆಂದು ಹೊರಗಿರಿಸಿದ್ದು ಈ ಗ್ರಂಥದ ಮಿತಿಯಾಗಿದೆ. ಹೀಗೆ ಅನ್ಯತೆಯ ಗೆರೆ ಅಳಿಯದೆ, ಸ್ಥಳಾಂತರವಾಯಿತಷ್ಟೆ.

ನಂತರದ ಜೀವನ

1950ರಿಂದ 1952ರವರೆಗೆ ಶಿಕ್ಷಣ ಸಚಿವರಾಗಿದ್ದಾಗ ಪ್ರೌಢಶಿಕ್ಷಣವನ್ನು ಉಚಿತಗೊಳಿಸಿದರು. ಬಾಲ್ಯದ ನೆನಪುಗಳನ್ನು ಪ್ರಥಮ ಪುರುಷದಲ್ಲಿ, ಬೇರೊಬ್ಬನ ಕಥೆಯೆಂಬಂತೆ ನಿರೂಪಿಸುವ ‘ಅಲ್-ಅಯ್ಯಾಮ್’ ಇವರ ಪ್ರಸಿದ್ಧ ಆತ್ಮಕಥೆ. 1973ರ ಅಕ್ಟೋಬರ್ 28ರಂದು ಕೈರೋದಲ್ಲಿ ನಿಧನರಾದರು.